ಬೆರಳ ತುದಿಯ ಅಮಾನತು

"ಇದನ್ನು ನಾನು ಮಾಡಿದ್ದಲ್ಲ. ನನಗೆ ಬಂದದ್ದನ್ನು ಇನ್ನೊಬ್ಬರಿಗೆ ಕಳುಹಿಸಿದೆ, ಅಷ್ಟೆ."

ಮೊಬೈಲ್ ವಿಷಯದಲ್ಲಿ ಸಿಕ್ಕಿಬಿದ್ದ ವಿದ್ಯಾರ್ಥಿಯು ಸಾಮಾನ್ಯವಾಗಿ ಹೇಳುವ ಮಾತು ಇದು. ಸಿಕ್ಕಿಬಿದ್ದವರು ಶಿಕ್ಷಕರಾದರೆ ಅಥವಾ ಹೆತ್ತವರಾದರೆ ಅವರ ಬಾಯಿಯಿಂದಲೂ ಇದೇ ಮಾತು ಬರುತ್ತದೆ. ಮಾಡಿದವನು ಅಪರಾಧಿ, ಕಳುಹಿಸಿದವನು ಕೇವಲ ದಾರಿ ಎಂಬುದು ಇದರ ಅರ್ಥ. ಈ ಮಾತು ಸರಿಯೇ? ಶಾಲೆಯಲ್ಲಿ ಇಂಟರ್ನೆಟ್ ಬಳಕೆಗೆ ಎಷ್ಟೇ ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿದರೂ ಈ ಒಂದು ಪ್ರಶ್ನೆಗೆ ಉತ್ತರ ಸಿಗದಿದ್ದರೆ ಅವುಗಳಿಂದ ಪ್ರಯೋಜನವಿಲ್ಲ. ಆದ್ದರಿಂದ ಓದುಗರೇ, ಮೊದಲು ಈ ಪ್ರಶ್ನೆಯ ಕುರಿತೇ ಚಿಂತಿಸೋಣ.

ಇಂಟರ್ನೆಟ್ಟನ್ನು ಶೈತಾನನ ಬಲೆ ಎಂದು ದೂರ ತಳ್ಳುವುದು ಈ ಲೇಖನದ ಉದ್ದೇಶವಲ್ಲ. 2020ರ ಮಾರ್ಚ್‌ನಲ್ಲಿ ಕೊರೋನಾ ಕಾರಣದಿಂದ ಶಾಲೆಗಳು ಮುಚ್ಚಿದಾಗ ಪಾಠವು ಮೊಬೈಲಿನ ಮೂಲಕವೇ ಮನೆಗೆ ಬಂತು. ಪುತ್ತೂರು, ಸುಳ್ಯ, ಕಡಬದ ಗುಡ್ಡಗಾಡು ಹಳ್ಳಿಗಳಲ್ಲಿ ಸಿಗ್ನಲ್ ಹುಡುಕುವುದೇ ಮಕ್ಕಳಿಗೆ ದೊಡ್ಡ ಪರೀಕ್ಷೆಯಾಯಿತು. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಗುತ್ತಿಗಾರು ಬಳಿಯ ಬಳ್ಳಕದಲ್ಲಿ ವಿದ್ಯಾರ್ಥಿನಿಯೊಬ್ಬಳು ಮಳೆಯಲ್ಲಿ ರಸ್ತೆ ಬದಿಯಲ್ಲಿ ಕುಳಿತು ಪಾಠ ಕೇಳುತ್ತಿದ್ದಳು. ಆಕೆಯ ತಂದೆ ಕೊಡೆ ಹಿಡಿದು ಪಕ್ಕದಲ್ಲಿ ನಿಂತಿದ್ದರು. ಆ ಚಿತ್ರವನ್ನು ಇಡೀ ದೇಶವೇ ನೋಡಿತು. ಅದು ಕೂಡ ಮೊಬೈಲಿನಿಂದ ಮೊಬೈಲಿಗೆ ಹರಿದ ಚಿತ್ರವೇ. ಹಳ್ಳಿಯ ಮಕ್ಕಳ ಕಷ್ಟವನ್ನು ಅಧಿಕಾರಿಗಳಿಗೂ ಜನರಿಗೂ ತಲುಪಿಸಿದ ಹಂಚಿಕೆ ಒಂದು ಒಳಿತೇ ಆಗಿತ್ತು.

ಅದಕ್ಕೆ ಎರಡು ವರ್ಷ ಮೊದಲು ಇದೇ ಸೀಮೆಯಲ್ಲಿ ಇನ್ನೊಂದು ಹಂಚಿಕೆ ನಡೆದಿತ್ತು. 2019ರ ಜುಲೈಯಲ್ಲಿ ಪುತ್ತೂರಿನ ಕಾಲೇಜು ವಿದ್ಯಾರ್ಥಿನಿಯೊಬ್ಬಳ ಮೇಲೆ ನಡೆದ ಅತ್ಯಾಚಾರದ ವೀಡಿಯೋ ವಾಟ್ಸಾಪ್‌ನಲ್ಲಿ ಹರಡಿತು. ಕೃತ್ಯದ ಆರೋಪದಲ್ಲಿ ಪೊಲೀಸರು ಬಂಧಿಸಿದ ಐವರೂ ವಿದ್ಯಾರ್ಥಿಗಳು. ವೀಡಿಯೋ ಹಂಚುವುದೂ ಅಪರಾಧವೆಂದು ಪೊಲೀಸರು ಎಚ್ಚರಿಸಿದರು. ಹಂಚಿದವರ ಮೇಲೆಯೂ ಕ್ರಮವಾಯಿತು. ಈಗ ಯೋಚಿಸಿರಿ. ಆ ವೀಡಿಯೋ ಮುಂದೆ ಸಾಗಿದ್ದು ಯಾರ ಕೈಯಿಂದ? ಅತ್ಯಾಚಾರದಂತಹ ಕೃತ್ಯವನ್ನು ಕನಸಿನಲ್ಲೂ ನೆನೆಯದ, ಮನೆಯಲ್ಲಿ ಅಕ್ಕತಂಗಿಯರಿರುವ, ಸಭ್ಯರೆನಿಸಿಕೊಂಡ ಸಾಮಾನ್ಯ ಜನರ ಕೈಯಿಂದ. ಅವರಲ್ಲಿ ಒಬ್ಬೊಬ್ಬರೂ "ನಾನು ಮಾಡಿದ್ದಲ್ಲ" ಎಂದೇ ನಂಬಿದ್ದರು. ಆದರೆ ಆ ಹೆಣ್ಣುಮಗಳ ಪಾಲಿಗೆ, ವೀಡಿಯೋ ತಲುಪಿದ ಪ್ರತಿಯೊಂದು ಮೊಬೈಲಿನಲ್ಲೂ ಆ ಕ್ರೌರ್ಯ ಮತ್ತೊಮ್ಮೆ ನಡೆಯಿತು.

ಈ ವಿಷಯದಲ್ಲಿ ಪವಿತ್ರ ಕುರ್‌ಆನ್ ನಮ್ಮನ್ನು ಕತ್ತಲಲ್ಲಿ ಬಿಟ್ಟಿಲ್ಲ. ಹಝ್ರತ್ ಆಯಿಶಾ(ರ)ರ ಮೇಲೆ ಕಪಟವಿಶ್ವಾಸಿಗಳು ಸುಳ್ಳಾರೋಪ ಹೊರಿಸಿದಾಗ ಮದೀನದಲ್ಲಿ ಅದನ್ನು ಹುಟ್ಟುಹಾಕಿದವರು ಕೆಲವರು ಮಾತ್ರ. ಅದನ್ನು ಬಾಯಿಂದ ಬಾಯಿಗೆ ದಾಟಿಸಿದವರಲ್ಲಿ ಸತ್ಯವಿಶ್ವಾಸಿಗಳೂ ಇದ್ದರು. ಅನ್ನೂರ್ ಅಧ್ಯಾಯವು ಹುಟ್ಟುಹಾಕಿದವರನ್ನು ಮಾತ್ರವಲ್ಲ, ದಾಟಿಸಿದವರನ್ನೂ ಗದರಿಸಿತು. ತಿಳಿಯದ ವಿಷಯವನ್ನು ನಾಲಗೆಯಿಂದ ನಾಲಗೆಗೆ ಸಾಗಿಸುತ್ತಾ ನೀವು ಅದನ್ನು ಕ್ಷುಲ್ಲಕವೆಂದು ಭಾವಿಸಿದ್ದಿರಿ, ಆದರೆ ಅಲ್ಲಾಹನ ಬಳಿ ಅದು ಘೋರವಾಗಿತ್ತು ಎಂಬುದು ಆ ಸೂಕ್ತದ ಆಶಯ (24:15). ಅಂದು ನಾಲಗೆ ಮಾಡಿದ ಕೆಲಸವನ್ನು ಇಂದು ಹೆಬ್ಬೆರಳು ಮಾಡುತ್ತಿದೆ. ವ್ಯತ್ಯಾಸ ವೇಗದಲ್ಲಿ ಮಾತ್ರ. "ಕಳುಹಿಸಿದೆ, ಅಷ್ಟೆ" ಎಂಬ ಮಾತಿನಲ್ಲಿರುವ "ಅಷ್ಟೆ" ಎಂಬ ಪದವನ್ನೇ ಕುರ್‌ಆನ್ ಖಂಡಿಸಿರುವುದು.

ವೇಗವನ್ನೂ ಲೆಕ್ಕ ಹಾಕಿ ನೋಡಿರಿ. ಒಬ್ಬನು ಐವರಿಗೆ, ಆ ಐವರು ತಲಾ ಐವರಿಗೆ ಕಳುಹಿಸಿದರೆ ಐದನೇ ಸುತ್ತಿನಲ್ಲಿ ಅದು 3,125 ಮಂದಿಯನ್ನು ತಲುಪುತ್ತದೆ. 2018ರ ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನ ಯುವ ಇಂಜಿನಿಯರ್ ಒಬ್ಬರು ಗೆಳೆಯರೊಂದಿಗೆ ಬಂದು ಶಾಲಾ ಮಕ್ಕಳಿಗೆ ಚಾಕಲೇಟ್ ಕೊಟ್ಟರು. ಮಕ್ಕಳ ಕಳ್ಳರೆಂಬ ವದಂತಿ ವಾಟ್ಸಾಪ್‌ನಲ್ಲಿ ಅವರ ಕಾರಿಗಿಂತ ಮುಂದೆ ಓಡಿತು. ಮುರ್ಕಿ ಎಂಬಲ್ಲಿ ಜನರು ಅವರನ್ನು ಹೊಡೆದು ಕೊಂದರು. ಅದೇ ವರ್ಷ, ಇಂತಹ ಕೊಲೆಗಳ ಬಳಿಕ, ವಾಟ್ಸಾಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಮುಂದೆ ಕಳುಹಿಸುವಂತೆ ಮಿತಿ ಹೇರಿತು. ಆದರೆ ಅನೀತಿವಂತನು ತಂದ ಸುದ್ದಿಯನ್ನು ಪರಿಶೀಲಿಸಿರಿ, ಇಲ್ಲವಾದರೆ ಅರಿಯದೆ ಜನರಿಗೆ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪ ಪಡುವಿರಿ ಎಂಬ ಎಚ್ಚರಿಕೆಯನ್ನು ಅಲ್‌ಹುಜುರಾತ್ ಅಧ್ಯಾಯವು (49:6) ಹದಿನಾಲ್ಕು ಶತಮಾನಗಳ ಹಿಂದೆಯೇ ನೀಡಿತ್ತು. ಕೇಳಿದ್ದನ್ನೆಲ್ಲ ಹೇಳುತ್ತಾ ಹೋಗುವುದೇ ಒಬ್ಬನು ಸುಳ್ಳುಗಾರನೆನಿಸಲು ಸಾಕು ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ (ಮುಸ್ಲಿಮ್). ಕೆಟ್ಟ ಪರಿಪಾಠವೊಂದನ್ನು ಆರಂಭಿಸಿದವನಿಗೆ ಅವನ ಪಾಪದೊಂದಿಗೆ ಅವನನ್ನು ಅನುಸರಿಸಿದವರ ಪಾಪದ ಹೊರೆಯೂ ಇದೆಯೆಂದು ಇನ್ನೊಂದು ಹದೀಸ್ ತಿಳಿಸುತ್ತದೆ. ಅನುಸರಿಸಿದವರ ಹೊರೆ ಅದರಿಂದ ಕಡಿಮೆಯಾಗುವುದೂ ಇಲ್ಲ.

ಇಲ್ಲಿ ಒಂದು ಆಕ್ಷೇಪ ಏಳಬಹುದು. "ಪುತ್ತೂರಿನ ಆ ವೀಡಿಯೋ ಹರಡದೇ ಇದ್ದಿದ್ದರೆ ಅಪರಾಧ ಬೆಳಕಿಗೇ ಬರುತ್ತಿರಲಿಲ್ಲ ಅಲ್ಲವೇ?" ಇದು ತಳ್ಳಿಹಾಕುವಂತಹ ಪ್ರಶ್ನೆಯಲ್ಲ. ವೀಡಿಯೋ ಹರಡಿದ ಬಳಿಕವೇ ವಿಷಯ ಪೊಲೀಸರ ಗಮನಕ್ಕೆ ಬಂದದ್ದು ನಿಜ. ಇನ್ನೊಬ್ಬರ ಕೊರತೆಯನ್ನು ಮುಚ್ಚಬೇಕೆಂದು ಇಸ್ಲಾಮ್ ಕಲಿಸುತ್ತದೆ. ಆದರೆ ಅಕ್ರಮವನ್ನು ಮುಚ್ಚಿಡಲು ಅದು ಎಂದೂ ಹೇಳಿಲ್ಲ. ಸಹೋದರನು ಅಕ್ರಮಿಯಾಗಿದ್ದರೂ ಅವನಿಗೆ ನೆರವಾಗಿರಿ, ಅವನ ಕೈಯನ್ನು ತಡೆಯುವುದೇ ಆ ನೆರವು ಎಂದು ಪ್ರವಾದಿವರ್ಯರು(ಸ) ವಿವರಿಸಿದ್ದಾರೆ (ಬುಖಾರಿ). ಹಾಗಾದರೆ ದಾರಿ ಯಾವುದು? ಸಾಕ್ಷ್ಯವನ್ನು ನ್ಯಾಯ ಕೊಡಬಲ್ಲವರ ಬಳಿಗೆ ಒಯ್ಯುವುದು. ಠಾಣೆಗೆ ಒಯ್ದರೆ ಅದು ಸಾಕ್ಷ್ಯ. ಗೆಳೆಯರ ಗುಂಪಿಗೆ ಹಾಕಿದರೆ ಅದು ತಮಾಷೆ. ಮೊದಲನೆಯದು ಕರ್ತವ್ಯ, ಎರಡನೆಯದು ಅಕ್ರಮಿಯ ಜೊತೆ ಸೇರುವಿಕೆ. ಆ ವೀಡಿಯೋ ನೋಡಿದ ಮೊದಲನೆಯವನೇ ಠಾಣೆಯ ಮೆಟ್ಟಿಲೇರಿದ್ದರೆ ಅಪರಾಧವೂ ಬೆಳಕಿಗೆ ಬರುತ್ತಿತ್ತು, ಆ ಹೆಣ್ಣುಮಗಳ ಮಾನವೂ ಉಳಿಯುತ್ತಿತ್ತು. ಆಕೆ ಯಾವ ಧರ್ಮದವಳು, ಯಾವ ಜಾತಿಯವಳು ಎಂಬ ಪ್ರಶ್ನೆಗೆ ಇಲ್ಲಿ ಸ್ಥಾನವೇ ಇಲ್ಲ. ಆದಮರ ಸಂತತಿಗೆಲ್ಲ ಅಲ್ಲಾಹನು ಗೌರವ ನೀಡಿರುವನು.

ದೇಶದ ಕಾನೂನು ಕೂಡ ಇದನ್ನೇ ಹೇಳುತ್ತದೆ. ಲೈಂಗಿಕ ದೃಶ್ಯಗಳನ್ನು ಕಳುಹಿಸುವವನಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಎ ಸೆಕ್ಷನ್ ಪ್ರಕಾರ ಮೊದಲ ಬಾರಿಗೇ ಐದು ವರ್ಷದವರೆಗೆ ಜೈಲು ಮತ್ತು ಹತ್ತು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ದೃಶ್ಯದಲ್ಲಿರುವುದು 18 ತುಂಬದ ಮಕ್ಕಳಾದರೆ 67ಬಿ ಸೆಕ್ಷನ್ ಪ್ರಕಾರ ಅದನ್ನು ಹುಡುಕಿ ನೋಡುವುದೂ ಇಳಿಸಿಟ್ಟುಕೊಳ್ಳುವುದೂ ಅಪರಾಧ. ಅತ್ಯಾಚಾರಕ್ಕೊಳಗಾದವರ ಹೆಸರು, ಗುರುತನ್ನು ಪ್ರಕಟಿಸುವುದೂ ಶಿಕ್ಷಾರ್ಹ.

ಇನ್ನು ಶಾಲೆಯ ನಿಯಮಗಳಿಗೆ ಬರೋಣ. ಮೇಲಿನ ಮಾತು ಮನಸ್ಸಿಗೆ ಇಳಿದರೆ ನಿಯಮಗಳು ತಾವಾಗಿಯೇ ಹುಟ್ಟುತ್ತವೆ.

ವಿದ್ಯಾರ್ಥಿಗಳೇ, ಅನುಮತಿ ಇಲ್ಲದೆ ಇನ್ನೊಬ್ಬರ ಮನೆಗೆ ಪ್ರವೇಶಿಸಬಾರದೆಂದು ಕುರ್‌ಆನ್ ಆಜ್ಞಾಪಿಸಿದೆ (24:27). ಸಹಪಾಠಿಯ ಪಾಸ್‌ವರ್ಡ್ ಅವನ ಮನೆಯ ಬಾಗಿಲು. ಅವನ ಫೋಟೊ ಅವನ ಮಾನ. ಕೇಳದೆ ಬಾಗಿಲು ತೆರೆಯಬೇಡಿರಿ, ಕೇಳದೆ ಫೋಟೊ ತೆಗೆಯಬೇಡಿರಿ, ತೆಗೆದದ್ದನ್ನು ಹಂಚಬೇಡಿರಿ. ಹುಡುಗ ಹುಡುಗಿ ಬಸ್‌ಸ್ಟ್ಯಾಂಡಿನಲ್ಲಿ ಮಾತಾಡಿದ ಒಂದು ಫೋಟೊ ನಮ್ಮ ಜಿಲ್ಲೆಯಲ್ಲಿ ಎಂತಹ ಬೆಂಕಿ ಹಚ್ಚಬಲ್ಲದೆಂದು ನಿಮಗೆ ಗೊತ್ತೇ ಇದೆ. ಇಂಟರ್ನೆಟ್ಟಿನಿಂದ ಇಳಿಸಿದ ಅಥವಾ ಯಂತ್ರವು ಬರೆದುಕೊಟ್ಟ ಪ್ರಬಂಧಕ್ಕೆ ನಿಮ್ಮ ಹೆಸರು ಹಾಕಿ ಒಪ್ಪಿಸಬೇಡಿರಿ. ವಂಚಿಸುವವನು ನಮ್ಮವನಲ್ಲ ಎಂಬ ಪ್ರವಾದಿವಚನವು ಧಾನ್ಯದ ವ್ಯಾಪಾರಿಯನ್ನು ಕಂಡು ಹೇಳಿದ್ದಾದರೂ ನೋಟ್‌ಪುಸ್ತಕಕ್ಕೂ ಅದು ಅನ್ವಯಿಸುತ್ತದೆ. ಕೆಟ್ಟದ್ದೇನಾದರೂ ಕಣ್ಣಿಗೆ ಬಿದ್ದರೆ ದೃಷ್ಟಿ ತಗ್ಗಿಸಿ ಮುಚ್ಚಿಬಿಡಿರಿ. ಯಾರಾದರೂ ಬೆದರಿಸಿದರೆ ಹೆತ್ತವರಿಗೋ ಶಿಕ್ಷಕರಿಗೋ ತಿಳಿಸಿರಿ. ಮಕ್ಕಳ ಸಹಾಯವಾಣಿ 1098, ಸೈಬರ್ ಅಪರಾಧ ಸಹಾಯವಾಣಿ 1930.

ಶಿಕ್ಷಕರೇ, ಉಸ್ತಾದರೇ, ನೀವೆಲ್ಲರೂ ಮೇಲ್ವಿಚಾರಕರು, ನಿಮ್ಮ ಅಧೀನದಲ್ಲಿರುವವರ ಕುರಿತು ನಿಮ್ಮನ್ನು ಪ್ರಶ್ನಿಸಲಾಗುವುದು ಎಂಬ ಹದೀಸ್ ನಿಮಗೆ ತಿಳಿದಿದೆ. ಮಕ್ಕಳ ಫೋಟೊ, ಅಂಕ, ಬಡತನದ ವಿವರ ಇವು ನಿಮ್ಮ ಕೈಗೆ ಹೆತ್ತವರು ಒಪ್ಪಿಸಿದ ಅಮಾನತು. ಕಡಿಮೆ ಅಂಕ ಪಡೆದ ಮಗುವಿನ ಹೆಸರನ್ನು ಗ್ರೂಪಿನಲ್ಲಿ ಹಾಕಿ ಅದನ್ನು ಅವಮಾನಿಸಬೇಡಿರಿ. ನೆರವು ಪಡೆದ ಮಗುವನ್ನು ದಾನಿಗಳ ಪಕ್ಕದಲ್ಲಿ ನಿಲ್ಲಿಸಿ ಪ್ರಚಾರ ಮಾಡಬೇಡಿರಿ. ವಿದ್ಯಾರ್ಥಿನಿಗೆ ತಿಳಿಸಬೇಕಾದುದನ್ನು ಹೆತ್ತವರಿಗೂ ಕಾಣುವಂತೆ ತಿಳಿಸಿರಿ. ಪರಿಶೀಲಿಸದ ಸುದ್ದಿಯನ್ನು ಹೆತ್ತವರ ಗ್ರೂಪಿಗೆ ಹಾಕಬೇಡಿರಿ. ಶಿಕ್ಷಕರು ಹಾಕಿದರೆಂದರೆ ಜನರು ಅದನ್ನು ಪ್ರಶ್ನಿಸದೆ ನಂಬುತ್ತಾರೆ. ತಪ್ಪು ಮಾಡಿದ ಮಗು ತಾನಾಗಿ ಬಂದು ಹೇಳಿಕೊಂಡರೆ ತರಗತಿಯ ಮುಂದೆ ಅದರ ಮೊಬೈಲ್ ಕಸಿದು ಓದಬೇಡಿರಿ. ಹಾಗೆ ಮಾಡಿದರೆ ಇನ್ನೊಂದು ಮಗು ನಿಮ್ಮ ಬಳಿಗೆ ಬರಲಾರದು.

ಕಂಪ್ಯೂಟರ್ ಕೋಣೆಯಲ್ಲಿ ಶಿಕ್ಷಕರ ಕಣ್ಣಿದೆ. ಕೆಟ್ಟ ತಾಣಗಳನ್ನು ತಡೆಯುವ ಏರ್ಪಾಡೂ ಇರಬಹುದು. ಅವು ಬೇಕು. ಬೇಲಿ ಇಲ್ಲದ ಅಡಿಕೆ ತೋಟವನ್ನು ಯಾರೂ ಬಿಡುವುದಿಲ್ಲ. ಆದರೆ ರಾತ್ರಿ ಹತ್ತು ಗಂಟೆಗೆ, ಕೋಣೆಯ ಬಾಗಿಲು ಮುಚ್ಚಿದಾಗ, ಉಪ್ಪ ಕೊಲ್ಲಿಯಲ್ಲಿ, ಉಮ್ಮ ನಿದ್ದೆಯಲ್ಲಿ ಇರುವಾಗ ಆ ಮಗುವಿನ ಬೇಲಿ ಯಾವುದು? ಹಾಲಿಗೆ ನೀರು ಬೆರೆಸಲು ತಾಯಿ ಹೇಳಿದಾಗ, ಖಲೀಫ ಉಮರ್(ರ) ಕಾಣದಿದ್ದರೂ ಉಮರರ ಪ್ರಭು ಕಾಣುತ್ತಿದ್ದಾನೆಂದು ನಿರಾಕರಿಸಿದ ಹುಡುಗಿಯ ಪ್ರಸಂಗವನ್ನು ನಾವು ಮದ್ರಸದಲ್ಲಿ ಮಕ್ಕಳಿಗೆ ಹೇಳುತ್ತೇವೆ. ಆ ಹುಡುಗಿಯ ಮನಸ್ಸೇ ಅವಳ ಬೇಲಿ. ಅಂತಹ ಮನಸ್ಸು ಉಪದೇಶದಿಂದ ಮಾತ್ರ ಬೆಳೆಯುವುದಿಲ್ಲ. ಊಟದ ತಟ್ಟೆಯ ಪಕ್ಕದಲ್ಲೂ ಮೊಬೈಲ್ ಬಿಡದ ತಂದೆ, ಬಂದ ವದಂತಿಯನ್ನೆಲ್ಲ ಬಂಧುಗಳ ಗ್ರೂಪಿಗೆ ಹಾಕುವ ತಾಯಿ ಮಗುವಿಗೆ ಕಲಿಸುವುದೇನು?

ಬೆರಳ ತುದಿಗಳನ್ನೂ ಮರಳಿ ಜೋಡಿಸಬಲ್ಲೆನೆಂದು ಅಲ್ಲಾಹನು ಸಾರಿರುವನು (75:4). ಬಾಯಿಗೆ ಮುದ್ರೆಯೊತ್ತಿ ಕೈಗಳನ್ನು ಮಾತಾಡಿಸುವ ದಿನವೊಂದು ಬರಲಿದೆ (36:65). ಅಂದು "ಕಳುಹಿಸಿದೆ, ಅಷ್ಟೆ" ಎನ್ನಲು ನಾಲಗೆ ಇರದು. ಏನು ಕಳುಹಿಸಿದೆವೆಂದು ಕೈಯೇ ಹೇಳುವುದು. ಆದ್ದರಿಂದ ಇಂದು ಕಳುಹಿಸುವ ಮುನ್ನ ಕ್ಷಣಕಾಲ ನಿಲ್ಲಿರಿ. ಇದು ನಿಜವೇ? ಇದರಿಂದ ಯಾರಿಗೆ ಒಳಿತು? ಇದರಲ್ಲಿರುವುದು ನನ್ನ ಮಗಳಾಗಿದ್ದರೆ? ಈ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲು ಕಲಿತ ಮಗುವು ಶಾಲೆಯ ಎಲ್ಲ ನಿಯಮಗಳನ್ನು ಕಲಿತಂತೆಯೇ.

ನಮ್ಮ ಕಣ್ಣು, ಕಿವಿ, ಬೆರಳುಗಳನ್ನು ಅಮಾನತೆಂದು ಅರಿತು ಬಳಸುವ ತೌಫೀಕನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲಿ, ಆಮೀನ್.