ಗಾಳಿಗೊಡ್ಡಿದ ಮೇಲೆ

ಪರೀಕ್ಷೆಯಲ್ಲಿ ಗೆದ್ದುದನ್ನೆಲ್ಲ ನಂಬಬಹುದೆ? ಸೋತುದನ್ನೆಲ್ಲ ಬಿಸುಡಬಹುದೆ? ಬಳ್ಳಾರಿಯಲ್ಲಿ ಕನ್ನಡ ಕಲಿಸುತ್ತ, ವರ್ಷವರ್ಷವೂ ಸಿರುಗುಪ್ಪ, ಕುರುಗೋಡುಗಳಿಂದ ಬರುವ ಮಕ್ಕಳಿಗೆ ಅಂಕ ಹಾಕುವ ನನಗೆ ಇದು ಬರಿಯ ತರ್ಕವಲ್ಲ.

ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ 1967ರಿಂದ ಒಂದು ವಾಯುಸುರಂಗವುಂಟು. ಪರೀಕ್ಷೆ ನಡೆಯುವೆಡೆ 1.2 ಮೀಟರಿನ ಚೌಕ, ಅಷ್ಟೆ. ಒತ್ತಿ ತುಂಬಿಟ್ಟ ಗಾಳಿಯನ್ನು ಬಿಟ್ಟರೆ ಶಬ್ದದ ವೇಗದ ನಾಲ್ಕು ಪಟ್ಟಿನವರೆಗೂ ನುಗ್ಗುತ್ತದೆ. ಅಲ್ಲಿ ವಿಮಾನದ ಪುಟ್ಟ ಮಾದರಿ ನಿಂತಿರುತ್ತದೆ, ಗಾಳಿಯೇ ಹಾರುತ್ತದೆ. ಮಾದರಿಯ ಮೇಲೆ ಬಿದ್ದ ಬಲವನ್ನು ಕೆಲವೇ ಕ್ಷಣಗಳಲ್ಲಿ ಅಳೆದುಕೊಳ್ಳುತ್ತಾರೆ.

ನಮ್ಮ ಮೊದಲ ಉಪಗ್ರಹವಾಹಕ ಎಸ್‌ಎಲ್‌ವಿ-3ರ ಮಾದರಿಯೂ ಇಂಥ ಗಾಳಿಯನ್ನು ಎದುರಿಸಿ ಬಂದುದೇ. ಆದರೂ 1979ರ ಆಗಸ್ಟ್ 10ರಂದು ಶ್ರೀಹರಿಕೋಟದಿಂದ ಏರಿದ ರಾಕೆಟ್ಟು ಬಂಗಾಳ ಕೊಲ್ಲಿಗೆ ಬಿದ್ದಿತು. ಕವಾಟವೊಂದು ಮುಚ್ಚದೆ, ಎರಡನೆಯ ಹಂತದ ನಿಯಂತ್ರಣಕ್ಕೆ ಬೇಕಾದ ಆಮ್ಲ ಸೋರಿಹೋಗಿತ್ತು. ಸುರಂಗ ಸುಳ್ಳು ಹೇಳಿರಲಿಲ್ಲ; ಕವಾಟದ ಪ್ರಶ್ನೆ ಅದರದಲ್ಲ. ಬಿದ್ದ ರಾಕೆಟ್ಟನ್ನು ಅಯೋಗ್ಯವೆನ್ನದೆ ದೋಷ ಹುಡುಕಿ ತಿದ್ದಿದರು. 1980ರ ಜುಲೈ 18ರಂದು ಅದೇ ಬಗೆಯ ರಾಕೆಟ್ಟು ರೋಹಿಣಿಯನ್ನು ಕಕ್ಷೆಗೆ ಮುಟ್ಟಿಸಿತು.

ಸಿರುಗುಪ್ಪದ ಕಣದಲ್ಲಿ ಬತ್ತ ತೂರಿದವನು ಇದನ್ನು ಬಲ್ಲ. ಗಾಳಿ ಜೊಳ್ಳನ್ನು ಹಾರಿಸೀತು; ಉಳಿದ ಕಾಳು ಮೊಳೆಯುವುದೋ ಇಲ್ಲವೋ ಹೇಳಲಾರದು. ಅದಕ್ಕೆ ನೆಲವೇ ಬೇಕು.

ಮೂರು ಗಂಟೆಯ ಪರೀಕ್ಷೆಯೂ ಕೇಳಿದ್ದಕ್ಕಷ್ಟೇ ಉತ್ತರ ಪಡೆಯುತ್ತದೆ. ನಾವಾದರೋ ಒಂದಂಕ ಕಡಮೆಯಾದ ಹುಡುಗನನ್ನು ಇಡಿಯಾಗಿ ಅಳೆದೆವೆಂದು ತಿಳಿಯುತ್ತೇವೆ. ಪರೀಕ್ಷೆಯೇ ಬೇಡವೆಂದಲ್ಲ, ಗಾಳಿಗೊಡ್ಡದ ವಿಮಾನದಲ್ಲಿ ಜನರನ್ನು ಕೂರಿಸುವುದು ಪಾಪ. ಆದರೆ ಅಳತೆಯನ್ನೇ ತೀರ್ಪೆಂದು ಸಾರುವುದೂ ಅನ್ಯಾಯವೇ.