ಒಬ್ಬರಿಗಾಗಿ ಒಬ್ಬರು ಕಾಯುವ ಊಟ



ಪಾಸ್ಖ ಹಬ್ಬದ ನಂತರ ಮನೆಗಳನ್ನು ಮಂತ್ರಿಸಲು ಹೋಗುವುದು ನಮ್ಮ ಧರ್ಮಕೇಂದ್ರಗಳಲ್ಲಿ ಹಳೆಯ ರೂಢಿ. ತೀರ್ಥ ಚಿಮುಕಿಸಿ, ಜಪ ಹೇಳಿ, ಒಂದು ಲೋಟ ನೀರು ಕುಡಿದು ಏಳುವಷ್ಟರಲ್ಲಿ ಆ ಮನೆಯ ಅರ್ಧ ಕಥೆ ಕಿವಿಗೆ ಬಿದ್ದಿರುತ್ತದೆ. ಹಿಂದೆ ಸಾಲದ ಮಾತು, ಕುಡಿತದ ಮಾತು, ಮಗಳ ಮದುವೆಯ ಮಾತು ಹೆಚ್ಚಾಗಿ ಕೇಳಿಬರುತ್ತಿತ್ತು. ಈಗ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಯ ಎತ್ತರದ ಕಟ್ಟಡಗಳಲ್ಲಿ ಮಕ್ಕಳ ಊಟದ ಮಾತೇ ಮೊದಲು. ಗಾಣದ ಎಣ್ಣೆ, ನಾಟಿ ಹಸುವಿನ ಹಾಲು, ಗೊಬ್ಬರದಲ್ಲೇ ಬೆಳೆದ ತರಕಾರಿ, ಸಕ್ಕರೆಯ ಬದಲು ಬೆಲ್ಲ. ಮಕ್ಕಳನ್ನು ಹೆತ್ತು ಸಾಕದ ಸ್ವಾಮಿಗೆ ಇದೆಲ್ಲ ಏನು ಗೊತ್ತು ಎಂದು ನೀವು ನಗಬಹುದು. ನಗಿ. ಆದರೆ ಈ ವರ್ಷ ಒಂದೇ ದಿನ ಎರಡು ಮನೆಗಳಲ್ಲಿ ಕಂಡದ್ದು ನನ್ನನ್ನು ಬಿಡುತ್ತಿಲ್ಲ. ಇಬ್ಬರೂ ತಾಯಂದಿರನ್ನು ಕೇಳಿಕೊಂಡೇ ಬರೆಯುತ್ತಿದ್ದೇನೆ. ಹೆಸರು ಬೇಡ.

ಮೊದಲನೆಯದು ಒಂಬತ್ತನೇ ಮಹಡಿಯ ಮನೆ. ಗಂಡಹೆಂಡತಿ ಇಬ್ಬರೂ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸಕ್ಕಿದ್ದಾರೆ. ಎರಡೂವರೆ ವರ್ಷದ ಗಂಡುಮಗು. "ಸ್ವಾಮಿ, ನಮ್ಮ ಮಗುವಿಗೆ ಬಿಸ್ಕತ್ತು ಅಂದರೇನು ಅಂತಲೇ ಗೊತ್ತಿಲ್ಲ" ಎಂದು ಆ ತಾಯಿ ಹೇಳಿದಾಗ ಮುಖದಲ್ಲಿ ಸಂತೋಷವಿತ್ತು. ಮಗು ರಾಗಿ ಸರಿ ತಿಂದು ಬೆಳೆದಿದೆ. ಅದನ್ನು ಮಾಡುವ ಬಗೆಯನ್ನೂ ವಿವರಿಸಿದರು: ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಸೋಸಬೇಕು. "ಇದೆಲ್ಲ ನಮ್ಮ ಮನೆ ಕೆಲಸದವಳು ಕಲಿಸಿದ್ದು, ಅವಳೇ ಮಾಡಿಕೊಡುತ್ತಾಳೆ" ಎಂದರು. ದಾನಿಯೇಲನೂ ಅವನ ಮೂವರು ಗೆಳೆಯರೂ ಅರಮನೆಯ ಊಟ ಬಿಟ್ಟು ಹತ್ತು ದಿನ ಕಾಯಿಪಲ್ಯ, ನೀರಿನಲ್ಲೇ ಇದ್ದು ಎಲ್ಲರಿಗಿಂತ ಪುಷ್ಟಿಯಾಗಿ ಕಂಡ ಕಥೆಯನ್ನು ನೆನಪಿಸಿದವರೂ ಅವರೇ.

ಎರಡನೆಯ ಮನೆ ಅದೇ ಕಟ್ಟಡದ ಹಿಂದಿನ ರಸ್ತೆಯಲ್ಲಿ, ಶೀಟು ಹೊದಿಸಿದ ಒಂದೇ ಕೋಣೆ. ರಾಗಿ ಸರಿ ಮಾಡಿಕೊಡುವ ಹೆಣ್ಣುಮಗಳ ಮನೆ ಅದೇ ಎಂದು ಬಾಗಿಲಲ್ಲಿ ನಿಂತಾಗಲೇ ನನಗೆ ತಿಳಿದದ್ದು. ಕನಕಪುರದ ಕಡೆಯ ಹಳ್ಳಿಯವಳು. ಅವಳಿಗೆ ಎಂಟು ತಿಂಗಳ ಹೆಣ್ಣುಕೂಸು. ಅತ್ತೆ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಚಹಾದಲ್ಲಿ ಅದ್ದಿದ ಬಿಸ್ಕತ್ತು ತಿನ್ನಿಸುತ್ತಿದ್ದರು. ನಾನು ನೋಡಿದ್ದನ್ನು ಅವಳೂ ನೋಡಿದಳು. "ಬೆಳಿಗ್ಗೆ ಆರೂವರೆಗೆ ಮೊದಲನೇ ಮನೆಗೆ ಹೋಗಬೇಕು ಸ್ವಾಮಿ. ಮೂರು ಮನೆ ಮುಗಿಸಿ ಬರುವಾಗ ಒಂದು ಗಂಟೆ ಆಗಿಹೋಗುತ್ತೆ. ಅತ್ತೆಗೆ ಕಣ್ಣು ಮಂಜು. ಒಲೆ ಹಚ್ಚಬೇಡಿ ಅಂತ ನಾನೇ ಹೇಳಿದ್ದೀನಿ" ಎಂದಳು. ಕಲಿಸಿದ ಕೈ ಇದು. ಆ ಕೈಯ ಅಡುಗೆ ಒಂಬತ್ತನೇ ಮಹಡಿಯ ಮಗುವಿಗೆ ಸಿಗುತ್ತದೆ, ಅವಳ ಸ್ವಂತ ಕೂಸಿಗೆ ಸಿಗುವುದಿಲ್ಲ.

ಇಬ್ಬರೂ ನಮ್ಮ ಧರ್ಮಕೇಂದ್ರದವರೇ. ಒಬ್ಬರು ಭಾನುವಾರ ಏಳು ಗಂಟೆಯ ಕನ್ನಡ ಪೂಜೆಗೆ ಬರುತ್ತಾರೆ, ಇನ್ನೊಬ್ಬರು ಎಂಟೂವರೆಯ ಇಂಗ್ಲಿಷ್ ಪೂಜೆಗೆ. ಪರಮ ಪ್ರಸಾದ ಹಂಚುವುದು ಒಂದೇ ಬಲಿಪೀಠದಿಂದ.

ಪ್ರಿಯರೇ, ಮೊದಲನೆಯ ತಾಯಿಯನ್ನು ದೂರಲು ಇದನ್ನು ಬರೆಯುತ್ತಿಲ್ಲ. ಅವರು ಮಾಡುತ್ತಿರುವುದು ಒಳ್ಳೆಯದೇ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದಂಶವಿದೆ. ಅಕ್ಕಿ, ಗೋಧಿ ಅದರ ಹತ್ತಿರಕ್ಕೂ ಬರುವುದಿಲ್ಲ. ಬಡವರ ಹಿಟ್ಟೆಂದು ಪೇಟೆಯವರು ಮೂಗು ಮುರಿಯುತ್ತಿದ್ದ ಧಾನ್ಯಕ್ಕೆ 2023ರಲ್ಲಿ ವಿಶ್ವಸಂಸ್ಥೆ ಸಿರಿಧಾನ್ಯ ವರ್ಷದ ಗೌರವ ಕೊಟ್ಟಿತು. ಐದು ಸಾವಿರ ಜನರಿಗೆ ಪ್ರಭು ಯೇಸು ಊಟವಿಕ್ಕಿದಾಗ ಆ ಹುಡುಗನ ಬಳಿ ಇದ್ದದ್ದೂ ಜವೆಗೋದಿಯ ರೊಟ್ಟಿ, ಗಲಿಲೇಯದ ಬಡವರ ರೊಟ್ಟಿ. ಇನ್ನೊಂದು ಮಾತನ್ನೂ ಹೇಳಬೇಕು. ದಿನಕ್ಕೆ ಹತ್ತು ಗಂಟೆ ಮಗುವಿನಿಂದ ದೂರವಿರುವ ತಾಯಿ, ಕಂಪನಿಯ ಬಸ್ಸಿನಲ್ಲಿ ಕುಳಿತು ಆ ದೂರವನ್ನು ನೆನೆದು ಕೊರಗುವ ತಾಯಿ, ಅದನ್ನು ಮಗುವಿನ ತಟ್ಟೆಯಲ್ಲಿ ತುಂಬಿಕೊಡಲು ನೋಡುತ್ತಾಳೆ. ಅದು ಪ್ರೀತಿಯೇ.

ಆದರೆ ಒಳ್ಳೆಯ ಊಟವೇ ಒಳ್ಳೆಯತನದ ಅಳತೆಗೋಲಾದರೆ ಕಷ್ಟ. ಕಳೆದ ವರ್ಷ ನಮ್ಮ ಧರ್ಮೋಪದೇಶದ ತರಗತಿಯಲ್ಲಿ ಎಂಟು ವರ್ಷದ ಬಾಲಕನೊಬ್ಬ ಪಕ್ಕದವನ ಡಬ್ಬಿ ನೋಡಿ, "ನಿನ್ನ ಡಬ್ಬಿಯಲ್ಲಿ ವಿಷ ಇದೆ, ನಿಮ್ಮಮ್ಮ ಕೆಟ್ಟವರು" ಎಂದುಬಿಟ್ಟ. ಡಬ್ಬಿಯಲ್ಲಿದ್ದದ್ದು ನೂಡಲ್ಸ್. ಕಟ್ಟಿಕೊಟ್ಟ ತಾಯಿ ಪೀಣ್ಯದ ಗಾರ್ಮೆಂಟ್ಸಿನಲ್ಲಿ ಹೊಲಿಯುತ್ತಿದ್ದವಳು, ನಮ್ಮ ಕಡೆಗೆ ಬಂದು ಒಂದು ತಿಂಗಳಾಗಿತ್ತಷ್ಟೆ. ಹುಡುಗನಿಗೆ ದುರುದ್ದೇಶವಿರಲಿಲ್ಲ, ಮನೆಯಲ್ಲಿ ಕೇಳಿದ್ದನ್ನೇ ಹೇಳಿದ. ಬಾಯೊಳಗೆ ಹೋಗುವುದಕ್ಕಿಂತ ಹೃದಯದಿಂದ ಹೊರಡುವುದೇ ಮನುಷ್ಯನನ್ನು ಹೊಲೆಮಾಡುತ್ತದೆಂದು ಪ್ರಭು ಶಿಷ್ಯರಿಗೆ ಹೇಳಿದ್ದನ್ನು ಅಂದು ಮಕ್ಕಳಿಗಿಂತ ನಮಗೇ ಕಲಿಸಬೇಕಿತ್ತು. ದಾನಿಯೇಲನ ಕಥೆಯನ್ನೂ ಪೂರ್ತಿ ಓದಿ. ಅವನು ಮೈ ಬೆಳೆಸಲು ಕಾಯಿಪಲ್ಯ ತಿಂದವನಲ್ಲ. ಸೆರೆಯಾಗಿ ಹೋದ ನಾಡಿನಲ್ಲಿ ದೇವರಿಗೆ ನಿಷ್ಠನಾಗಿರಲು ರಾಜನ ಊಟ ಬಿಟ್ಟ, ಅದೂ ಒಬ್ಬನೇ ಅಲ್ಲ. ಅವನು ಅಧಿಕಾರಿಯನ್ನು ಬೇಡಿಕೊಂಡದ್ದು ನಾಲ್ವರ ಪರವಾಗಿ.

ಇದೇ ಊಟದ ವಿಷಯದಲ್ಲಿ ಸಂತ ಪೌಲರಿಗೆ ಸಿಟ್ಟು ಬಂದ ಸಂದರ್ಭವೊಂದಿದೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯ. ಅಲ್ಲಿಯ ವಿಶ್ವಾಸಿಗಳು ಪ್ರಭುವಿನ ಭೋಜನಕ್ಕೆಂದು ಒಂದೇ ಮನೆಯಲ್ಲಿ ಸೇರುತ್ತಿದ್ದರು. ಬಿಡುವುಳ್ಳವರು ಮುಂಚೆ ಬಂದು ತಾವು ತಂದದ್ದನ್ನು ತಿಂದು ಮುಗಿಸುತ್ತಿದ್ದರು. ದುಡಿಮೆ ತೀರಿಸಿ ಕತ್ತಲಾದ ಮೇಲೆ ಬರುವ ಆಳುಗಳಿಗೆ, ಬಡವರಿಗೆ ಬರಿಯ ಪಾತ್ರೆ ಉಳಿಯುತ್ತಿತ್ತೆಂದು ಪಂಡಿತರು ವಿವರಿಸುತ್ತಾರೆ. ಒಬ್ಬ ಹಸಿದಿರುತ್ತಾನೆ, ಮತ್ತೊಬ್ಬ ಅಮಲೇರಿರುತ್ತಾನೆ. ತಿನ್ನುತ್ತಿದ್ದ ಪದಾರ್ಥ ಚೆನ್ನಾಗಿತ್ತೇ ಕೆಟ್ಟಿತ್ತೇ ಎಂದು ಪೌಲರು ಕೇಳಲಿಲ್ಲ. ನಿಮ್ಮದು ಪ್ರಭುವಿನ ಭೋಜನವೇ ಅಲ್ಲ ಎಂದರು. ಅವರು ಕೊಟ್ಟ ಪರಿಹಾರವೂ ವಿಚಿತ್ರ. ಹೆಚ್ಚು ಅಡುಗೆ ಮಾಡಿ ಎನ್ನಲಿಲ್ಲ, ಉಳಿದದ್ದನ್ನು ಕಟ್ಟಿಕೊಡಿ ಎನ್ನಲಿಲ್ಲ. ಒಬ್ಬರಿಗಾಗಿ ಒಬ್ಬರು ಕಾಯಿರಿ ಎಂದರು.

ಆ ಕಾಯುವಿಕೆ ನಮ್ಮ ಕಡೆ ಹೇಗಿರಬಹುದೆಂದು ಯೋಚಿಸುತ್ತಿದ್ದೇನೆ. ಮೊದಲ ಆರು ತಿಂಗಳು ಕೂಸಿಗೆ ತಾಯಿಯ ಹಾಲಲ್ಲದೆ ಬೇರೇನೂ ಬೇಡವೆಂದು ವೈದ್ಯರು ಹೇಳುತ್ತಾರೆ. ಬಜೆ ತೇದು ನೆಕ್ಕಿಸುವುದೂ ಬೇಡ. ಜೇನುತುಪ್ಪವಂತೂ ಒಂದು ವರ್ಷದವರೆಗೆ ಕೂಡದು, ಎಷ್ಟೇ ಶುದ್ಧ ಜೇನಾದರೂ. ಇದಕ್ಕಿಂತ ಸಹಜವಾದ ಆಹಾರ ಯಾವುದಿದೆ? 2017ರಲ್ಲಿ ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿದ್ದರಿಂದ ಕಂಪನಿಗಳಲ್ಲಿ ಕೆಲಸ ಮಾಡುವ ಅನೇಕ ತಾಯಂದಿರಿಗೆ ಆ ಆರು ತಿಂಗಳು ಸಿಕ್ಕಿತು. ಮನೆಗೆಲಸದವಳಿಗೆ ಅಂಥ ರಜೆ ಇಲ್ಲ. ನಮ್ಮ ಹೆಣ್ಣುಮಗಳು ಹೆತ್ತ ನಲವತ್ತನೆಯ ದಿನಕ್ಕೆ ಪಾತ್ರೆ ತೊಳೆಯಲು ನಿಂತವಳು. ಕಾರ್ಖಾನೆಯಲ್ಲಿ 30ಕ್ಕಿಂತ ಹೆಚ್ಚು ಹೆಂಗಸರಿದ್ದರೆ ಅವರ ಎಳೆಯ ಮಕ್ಕಳಿಗೆ ಕೋಣೆ ಇರಬೇಕೆಂದು 1948ರ ಕಾಯ್ದೆಯೇ ಹೇಳಿತ್ತು. ಅಪಾರ್ಟ್‌ಮೆಂಟೊಂದಕ್ಕೆ ದಿನವೂ ಅದಕ್ಕಿಂತ ಹೆಚ್ಚು ಹೆಂಗಸರು ಕೆಲಸಕ್ಕೆ ಬರುತ್ತಾರೆ. ಅವರ ಮಕ್ಕಳಿಗೆ ಕೋಣೆ ಎಲ್ಲಿದೆ?

ಸಹಜವೆಂಬ ಮಾತು ಇನ್ನೊಂದು ಕಡೆಗೂ ಎಳೆಯುತ್ತದೆ. ಅದೇ ಕಟ್ಟಡದ ಬೇರೊಂದು ಮನೆಯ ತಂದೆ, ವಿದ್ಯಾವಂತರು, "ಮಗುವಿನ ಶಕ್ತಿ ತಾನಾಗಿಯೇ ಬೆಳೆಯಲಿ ಸ್ವಾಮಿ, ಚುಚ್ಚುಮದ್ದು ಬೇಡ ಅಂತ ಬಿಟ್ಟಿದ್ದೇವೆ" ಎಂದರು. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ನಮ್ಮ ರಾಜ್ಯದಲ್ಲಿ ನಡೆದಾಗ ಫೋನಿನಿಂದ ಫೋನಿಗೆ ಹರಿದಾಡಿದ ಹೆದರಿಕೆಯ ಮಾತುಗಳು ಇನ್ನೂ ಸತ್ತಿಲ್ಲವೆಂದು ಕಾಣುತ್ತದೆ. ದಡಾರ ಗಾಳಿಯಲ್ಲಿ ಹರಡುತ್ತದೆ, ಕೋಣೆಯಲ್ಲಿ ರೋಗಿ ಇದ್ದು ಹೋದ ಮೇಲೂ ಅಂಟುತ್ತದೆ. ಮಗುವಿಗೆ ಮೊದಲ ಲಸಿಕೆ ಹಾಕುವುದು ಒಂಬತ್ತು ತಿಂಗಳು ತುಂಬಿದಾಗ. ಅದಕ್ಕಿಂತ ಚಿಕ್ಕ ಕೂಸಿಗೆ ಸುತ್ತಲಿನವರು ಲಸಿಕೆ ಹಾಕಿಸಿಕೊಂಡಿರುವುದೇ ದೊಡ್ಡ ಕಾವಲು. ಈ ತಂದೆಯ ಮನೆಯಲ್ಲಿ ನೆಲ ಒರೆಸಲು ಬರುವವಳೂ ಅವಳೇ, ಎಂಟು ತಿಂಗಳ ಕೂಸಿನ ತಾಯಿ. ಕೂಸನ್ನು ಬಿಡಲು ಯಾರೂ ಇಲ್ಲದ ದಿನ ಸೊಂಟದ ಮೇಲೆ ಕೂರಿಸಿಕೊಂಡು ಆ ಮನೆಗೆ ಹೋಗುತ್ತಾಳೆ.

ನೀರಿನದೂ ಇದೇ ಕಥೆ. ಎಲೆಕ್ಟ್ರಾನಿಕ್ ಸಿಟಿ ಎದ್ದ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಒಂದು ಕಾಲಕ್ಕೆ ಹಳ್ಳಿಗಳೇ. ವೈಟ್‌ಫೀಲ್ಡ್ ಹುಟ್ಟಿದ್ದೇ 1882ರಲ್ಲಿ, ಆಂಗ್ಲೋ-ಇಂಡಿಯನ್ ಕುಟುಂಬಗಳು ಬೇಸಾಯ ಮಾಡಿ ಬದುಕಲೆಂದು. ಅಂಥ ನೆಲದ ಪಕ್ಕದ ಬೆಳ್ಳಂದೂರು ಕೆರೆ 2015ರಲ್ಲೂ 2017ರಲ್ಲೂ ಹೊತ್ತಿ ಉರಿದದ್ದನ್ನು ನಾವೇ ನೋಡಿದೆವು. ಆ ಕೆರೆಯ ನೀರು ಹರಿಯುವುದು ವರ್ತೂರು ಕೆರೆಗೆ. ಪೀಣ್ಯದ ಅಂತರ್ಜಲದಲ್ಲಿ ಲೋಹಲೇಪನದ ಘಟಕಗಳ ಕ್ರೋಮಿಯಂ ಸಿಕ್ಕಿದೆ. ಮೇಲಿನ ಮಹಡಿಗೆ ಶುದ್ಧೀಕರಿಸುವ ಯಂತ್ರ ತರಬಹುದು, ಕೆಳಗಿನ ಕೊಳವೆಬಾವಿಗೆ ತರಲಾಗುವುದಿಲ್ಲ. 2015ರಲ್ಲಿ ಹೊರಬಂದ 'ಲೌದಾತೋ ಸಿ' ವಿಶ್ವಪತ್ರದಲ್ಲಿ ಪೋಪ್ ಫ್ರಾನ್ಸಿಸ್‌ ಭೂಮಿಯನ್ನು ಎಲ್ಲರಿಗೂ ಸೇರಿದ ಒಂದೇ ಮನೆಯೆಂದು ಕರೆದರು. ಒಂದೇ ಮನೆಯಲ್ಲಿ ಒಂದು ಕೋಣೆಯನ್ನು ಮಾತ್ರ ಗುಡಿಸಿಕೊಂಡು ಎಷ್ಟು ದಿನ ಇರುತ್ತೇವೆ?

ಮತ್ತೆ ಆ ಇಬ್ಬರು ತಾಯಂದಿರ ವಿಷಯ. ಮರುವಾರ ನಾನು ಶೀಟಿನ ಮನೆಗೆ ಹೋಗಿ, "ನೋಡಮ್ಮ, ಅವರಿಗೆ ಹೇಳಿ ಒಂದು ಡಬ್ಬಿ ಸರಿಹಿಟ್ಟು ಕೊಡಿಸಲೇ?" ಎಂದು ಕೇಳಿದೆ. ಅವಳು ನಕ್ಕಳು. "ಹಿಟ್ಟಿಗೇನು ಸ್ವಾಮಿ, ಅಕ್ಕ ಕೇಳಿದರೆ ಕೊಡುತ್ತಾರೆ, ಒಳ್ಳೆಯವರು. ಕಾಯಿಸಿ ತಿನ್ನಿಸೋಕೆ ನಾನು ಮನೇಲಿ ಇರಬೇಕಲ್ಲ. ಎಂಟು ಗಂಟೆಗೆ ಬಾ ಅಂದರೆ ಸಾಕು" ಎಂದಳು. ಕೊಡುವ ಕೈಗಳಿಗೆ ಡಬ್ಬಿ ಹಗುರ, ಒಂದೂವರೆ ಗಂಟೆ ಭಾರ. ಅವಳ ಒಪ್ಪಿಗೆ ಪಡೆದು ಒಂಬತ್ತನೇ ಮಹಡಿಗೆ ಹೋಗಿ ಇದನ್ನೇ ಹೇಳಿದೆ. ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅವಳ ಮಗು ಏನು ತಿನ್ನುತ್ತೆ ಅಂತ ನಾನು ಒಮ್ಮೆಯೂ ಕೇಳಲಿಲ್ಲ ಸ್ವಾಮಿ" ಎಂದರು.

ಈಗ ಆ ಮನೆಯಲ್ಲಿ ಬೆಳಗಿನ ಪಾತ್ರೆ ತೊಳೆಯುವುದು ಗಂಡನ ಪಾಲಿಗೆ ಬಂದಿದೆ. ಅವರ ಮನೆಗೆ ಎಂಟಕ್ಕೆ ಹೋದರೆ ಸಾಕು, ಸಂಬಳವೂ ಕಡಿಮೆಯಾಗಿಲ್ಲ. ಆದರೆ ಎಂಟಕ್ಕೆ ಹೋಗಬೇಕಾಗಿದ್ದ ಎರಡನೆಯ ಮನೆಯವರು ಸಮಯ ಬದಲಿಸಲು ಒಪ್ಪಿಲ್ಲ. ಹಾಗಾಗಿ ವಾರದಲ್ಲಿ ಎರಡು ದಿನ ಮಾತ್ರ ಕೂಸಿಗೆ ತಾಯಿಯ ಕೈಯಿಂದ ಬೆಳಗಿನ ಸರಿ ಸಿಗುತ್ತಿದೆ. ಆ ಎರಡನೆಯ ಮನೆ ಚುಚ್ಚುಮದ್ದು ಬೇಡವೆಂದ ತಂದೆಯದೇ. ಅವರೂ ನಮ್ಮ ಧರ್ಮಕೇಂದ್ರದವರು, ಎಂಟೂವರೆಯ ಪೂಜೆಗೆ ತಪ್ಪದೆ ಬರುತ್ತಾರೆ. ಈ ಭಾನುವಾರ ಪೂಜೆ ಮುಗಿದ ಮೇಲೆ ಹತ್ತು ನಿಮಿಷ ನಿಲ್ಲಿ ಎಂದು ಕೇಳಿಕೊಂಡಿದ್ದೇನೆ.