ಕೊಳ್ಳುವುದೋ, ಕಾಯುವುದೋ?

ಹೊಸತಾಗಿ ರೂಪುಗೊಂಡ ವಸ್ತುವನ್ನು ಕಂಡೊಡನೆ ಕೊಳ್ಳುವವನು ಆತುರಗಾರನೆಂದೂ ಕಾದು ನೋಡುವವನು ವಿವೇಕಿಯೆಂದೂ ಲೋಕದ ತೀರ್ಪು. ಈ ತೀರ್ಪು ಎಷ್ಟರಮಟ್ಟಿಗೆ ನ್ಯಾಯವಾದುದು?

ಜಪಾನಿನ ಹೋಂಡಾ ಸಂಸ್ಥೆಯವರು ದೂರಪ್ರಯಾಣಕ್ಕೆಂದು ಮಾಡುವ, 1975ರಲ್ಲಿ ಮೊದಲು ಮಾರಾಟಕ್ಕೆ ಬಂದ 'ಗೋಲ್ಡ್ ವಿಂಗ್' ಮೋಟಾರು ಸೈಕಲ್ಲನ್ನೇ ನೋಡೋಣ. 2018ರ ಮಾದರಿಯಲ್ಲಿ ಅದನ್ನು ಬುಡದಿಂದ ಹೊಸದಾಗಿ ಕಟ್ಟಿದರು. ಗಾಡಿಯ ತೂಕ ಸುಮಾರು 40 ಕಿಲೋಗ್ರಾಂ ಇಳಿಯಿತು. ಆದರೆ ಸಾಮಾನಿನ ಪೆಟ್ಟಿಗೆಗಳೂ ಕಿರಿದಾದುವು. ಇಬ್ಬರ ಪ್ರಯಾಣಕ್ಕೆ ಇದು ಸಾಲದೆಂದು ಸವಾರರು ಆಕ್ಷೇಪಿಸಿದರು. 2021ರ 'ಟೂರ್' ಮಾದರಿಯಲ್ಲಿ ಹಿಂದಣ ಪೆಟ್ಟಿಗೆ 50 ಲೀಟರಿನಿಂದ 61 ಲೀಟರಿಗೆ ಹಿಗ್ಗಿತು.

ಹಾಗಾದರೆ ಕಾದವನು ಗೆದ್ದನೆನ್ನಬಹುದೆ? ಅವನು ಪಡೆದುದು 11 ಲೀಟರು. ತೆತ್ತುದು ಮೂರು ವರ್ಷಗಳ ದಾರಿ. ಅದೂ ಅಲ್ಲದೆ, ಆ ದೊಡ್ಡ ಪೆಟ್ಟಿಗೆ ಅವನ ತಾಳ್ಮೆಯ ಫಲವಲ್ಲ. ಮೊದಲು ಕೊಂಡು, ತೊಂದರೆಪಟ್ಟು, ಬಾಯಿಬಿಟ್ಟು ಹೇಳಿದವರ ಫಲ. ಎಲ್ಲರೂ ಕಾದಿದ್ದರೆ ಕುಂದು ಬೆಳಕಿಗೆ ಬರುತ್ತಲೇ ಇರಲಿಲ್ಲ. ಆದುದರಿಂದ ಕಾದವನು ಅವರನ್ನು ಕಂಡು ನಗುವುದು ಸಲ್ಲದು. ಅವನು ಅವರಿಗೆ ಋಣಿ.

ಹಾಗೆಂದು ಕಾಯುವುದೆಲ್ಲವೂ ತಪ್ಪಲ್ಲ. ಸಾಲಮಾಡಿ ಕೊಳ್ಳಬೇಕಾದವನೂ ಸಣ್ಣ ಕುಂದನ್ನೂ ತಾಳಲಾರದವನೂ ಕಾಯುವುದೇ ಮೇಲು. ಆದರೆ ತನ್ನ ಸಂದೇಹ ಯಾವುದು, ಅದು ಎಂದಿಗೆ ತೀರೀತು ಎಂದು ಅವನು ತನ್ನನ್ನೇ ಕೇಳಿಕೊಳ್ಳಬೇಕು. ಉತ್ತರವಿದ್ದರೆ ಅದು ವಿವೇಕ. ಇಲ್ಲದಿದ್ದರೆ ವಿವೇಕದ ವೇಷ ತೊಟ್ಟ ಅಂಜಿಕೆ. ಯಂತ್ರವೇನೋ ವರ್ಷವರ್ಷಕ್ಕೂ ಉತ್ತಮವಾದೀತು. ಸವಾರನ ಮೈ ಹಾಗಲ್ಲ.